ಜಗಳದ ಮುಖ, ರಾಜಿಯ ಮುಖ

ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷ ಹರಿದ ಬಟ್ಟೆಗೆ ರಫು ಹಾಕಿದವಳು ನಾನು. ಅಕ್ಷರ ಅಷ್ಟಕ್ಕಷ್ಟೆ, ಬೆರಳಿಟ್ಟು ಕೂಡಿಸಿ ಓದುತ್ತೇನೆ. ಇಂಗ್ಲಿಷಂತೂ ದೂರದ ಮಾತು.

ಮನೆಯವರು ತೀರಿಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ವಾಚನಾಲಯದ ಮಹಡಿಯಲ್ಲಿ, ರೆಕಾರ್ಡು ಕೇಳುವ ಕೋಣೆಯಲ್ಲಿ, ಮೆತ್ತನೆಯ ಕುರ್ಚಿ ಇದೆಯೆಂದು ಹೋದೆ. ಸಂಗೀತದ ಆಸೆಗೆ ಹೋದೆ ಎಂದರೆ ನನ್ನ ಮೊಣಕಾಲೇ ನಕ್ಕೀತು. ಸುಮ್ಮನೆ ಕೂತರೆ ನಿದ್ದೆಗೆ ಬಂದವಳು ಅಂದಾರೆಂದು ಪಕ್ಕದ ಕಪಾಟಿನಿಂದ ಒಂದು ರೆಕಾರ್ಡು ತೆಗೆದು ಹಾಕಿದೆ. ಅದು ಬ್ರಿಟನ್ನಿನವರ ಈಚಿನ ಕಾಲದ ಸಂಗೀತ, ಎಂಬತ್ತು ಜನ ಒಟ್ಟಿಗೆ ನುಡಿಸುವಂಥದ್ದು ಎಂದು ಗ್ರಂಥಪಾಲಕಿ ಹೇಳಿದಳು. ಮೊದಲ ದಿನ ಅಟ್ಟದಿಂದ ಪಾತ್ರೆ ಬಿದ್ದ ಹಾಗಿತ್ತು. ಹತ್ತನೇ ದಿನಕ್ಕೆ ಯಾವ ಪಾತ್ರೆ ಯಾವಾಗ ಬೀಳುತ್ತದೆಂದು ತಿಳಿಯಿತು. ಆಮೇಲಾಮೇಲೆ ಅದು ಬೀಳುವವರೆಗೆ ನನಗೆ ಸಮಾಧಾನವಿಲ್ಲ.

ಹೀಗೆ ಎರಡು ವರ್ಷ. ಒಂದು ದಿನ ಗ್ರಂಥಪಾಲಕಿ, "ಅಮ್ಮ, ಈ ಕಪಾಟು ಖಾಲಿ ಮಾಡ್ತಿದೀವಿ. ಇದನ್ನ ಕೇಳೋರು ನೀವೊಬ್ರೇ" ಎಂದಳು.

"ನಾನು ಮನುಷ್ಯಳಲ್ವೇನೇ?"

"ನಾಳೆ ಸಂಗೀತದ ಮೇಷ್ಟ್ರು ಬರ್ತಾರೆ. ಅವರು ಇರಲಿ ಅಂದ್ರೆ ಇರುತ್ತೆ."

ಮರುದಿನ ಮೇಷ್ಟ್ರ ಮುಂದೆ ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. "ಶುರುವಿಗೇ ಜಗಳ ಮೇಷ್ಟ್ರೇ. ಆಮೇಲೆ ನಗಾರಿ ಗುಡುಗುತ್ತೆ. ಆಮೇಲೆ ಒಂದೇ ಕೊಳಲು ಬಂದು ತಪ್ಪಾಯ್ತು ಅನ್ನುತ್ತೆ. ಕೊನೆಗೆ ಎಲ್ಲರೂ ರಾಜಿ."

"ಅದು ರಾಜಿ ಅಲ್ಲಜ್ಜಿ, ಪರಿಚಯ. ಜಗಳ ಆಮೇಲಿಂದು. ನೀವು ರೆಕಾರ್ಡಿನ ಎರಡನೇ ಮುಖ ಮೊದಲು ಹಾಕಿದೀರ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪ್ಯಾಂಟಿನ ಯಾವ ಮಂಡಿ ಹೆಚ್ಚು ಸವೆದಿದೆಯೋ ಆ ಕಾಲನ್ನೇ ಜನ ಮೊದಲು ಊರುವುದು ಎಂದು ನನ್ನ ಕಸುಬು ಕಲಿಸಿತ್ತು. ಹೆಚ್ಚು ಗೀರು ಬಿದ್ದ ಮುಖವೇ ಮೊದಲನೆಯದೆಂದು ಎಣಿಸಿದ್ದೆ. ಅದನ್ನೂ ಬಾಯಿಬಿಟ್ಟು ಹೇಳಿದೆ.

ಈಗ ಮೇಷ್ಟ್ರ ಕಿವಿ ಕೆಂಪಾಯಿತು. "ಆ ಗೀರುಗಳು ನನ್ನವು. ಕಾಲೇಜಲ್ಲಿದ್ದಾಗ ಇಲ್ಲೇ ಕೂತು ಗುಡುಗಿಗೋಸ್ಕರ ಎರಡನೇ ಮುಖ ಮಾತ್ರ ಹಾಕ್ತಿದ್ದೆ. ಮೊದಲನೇದನ್ನ ಪೂರ್ತಿ ಕೇಳಿದ ನೆನಪಿಲ್ಲ."

"ಚೆನ್ನಾಯ್ತು. ಒಬ್ಬರದು ಹಿಂದುಮುಂದು, ಇನ್ನೊಬ್ಬರದು ಅರ್ಧ" ಎಂದಳು ಗ್ರಂಥಪಾಲಕಿ.

"ಕಪಾಟು ಇರ್ಲಿ ಬಿಡಮ್ಮ. ನಾನಿನ್ನೂ ಕೇಳೋದಿದೆ" ಎಂದರು ಮೇಷ್ಟ್ರು.

ಅಂದಿನಿಂದ ಪ್ರತಿ ಗುರುವಾರ ಅವರು ಬರುತ್ತಾರೆ. ಇಬ್ಬರೂ ಕ್ರಮವಾಗಿ ಕೇಳುತ್ತೇವೆ. ಕ್ರಮವಾಗಿ ಕೇಳಿದರೆ ನನಗೆ ಚೂರೂ ರುಚಿಸುವುದಿಲ್ಲ, ಜಗಳದಲ್ಲೇ ಮುಗಿದುಹೋಗುತ್ತದೆ. ಇದ್ದಬದ್ದ ಮರ್ಯಾದೆಯೂ ಹೋದೀತೆಂದು ತಲೆದೂಗುತ್ತೇನೆ. ಅವರು ಮೆಟ್ಟಿಲಿಳಿದ ಮೇಲೆ ಮೊದಲ ಮುಖವನ್ನು ಇನ್ನೊಮ್ಮೆ ಹಾಕಿ, ಎಂಬತ್ತು ಜನರನ್ನೂ ರಾಜಿ ಮಾಡಿಸಿ ಮನೆಗೆ ಹೋಗುತ್ತೇನೆ.