ಅತ್ತೆಯ ಉಪ್ಪಿಲ್ಲದ ಸಾರು

ನಮ್ಮತ್ತೆ ವರ್ಷಗಟ್ಟಲೆ ಉಪ್ಪಿಲ್ಲದ ಸಾರು ಉಂಡರು. ಅದಕ್ಕೆ ಕಾರಣ ನಾನು. ಗೊತ್ತಾದ ಮೇಲೂ ಬಾಯಿ ಬಿಡದೆ ಕೂತವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಇಲ್ಲದಿದ್ದರೆ ಎಂದಿನ ಹಾಗೆ ನನ್ನ ದೊಡ್ಡಸ್ತಿಕೆ ಹೇಳಿಕೊಳ್ಳುವುದರಲ್ಲೇ ಎಲ್ಲ ಮುಗಿದುಹೋಗುತ್ತದೆ.

ದೊಡ್ಡಸ್ತಿಕೆ ಇದೆ, ಇಲ್ಲ ಅನ್ನಲ್ಲ. ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯಾಗುವವರೆಗೂ ವಿಜ್ಞಾನ ಪಾಠ ಮಾಡಿದವಳು ನಾನು. ಈಗಲೂ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಾ ನಿಂತರೆ ತಲೆ ನರೆತ ಗಂಡಸರು ಬಂದು "ನಮಸ್ಕಾರ ಮಿಸ್" ಅನ್ನುತ್ತಾರೆ. ಬಸವನಗುಡಿಯ ನಮ್ಮ ಭಜನಾ ಮಂಡಳಿಯಲ್ಲಿ ಶುಕ್ರವಾರ ಹಾಡು ಮುಗಿದ ಮೇಲೆ ಹೆಂಗಸರು ಏಳದೆ ಕೂತಿರುವುದು ನನ್ನ ಮಾತು ಕೇಳುವುದಕ್ಕೆ. ಪ್ಯಾಕೆಟ್ಟಿನ ಮುಂಭಾಗ ನೋಡಬೇಡಿ, ತಿರುಗಿಸಿ ಹಿಂಭಾಗ ಓದಿ, ನಿಮ್ಮ ಅಡುಗೆಮನೆಯ ಯಾವ ಡಬ್ಬಿಯಲ್ಲೂ ಇಲ್ಲದ ಹೆಸರುಗಳೇ ತುಂಬಿದ್ದರೆ ಅಲ್ಲೇ ಇಟ್ಟು ಬನ್ನಿ ಎನ್ನುತ್ತೇನೆ. ಉಪ್ಪು, ಸಕ್ಕರೆ, ಎಣ್ಣೆ ನಾಲಿಗೆಗೆ ಗೊತ್ತಾಗದ ಹಾಗೆ ಹೇಗೆ ಒಳಗೆ ಸೇರಿಕೊಳ್ಳುತ್ತವೆ ಎಂದು ಬಿಡಿಸಿ ಹೇಳುತ್ತೇನೆ. ಕೇಳಿದವರಲ್ಲಿ ಹಲವರು ನಿಜವಾಗಿಯೂ ಪ್ಯಾಕೆಟ್ ಬಿಟ್ಟು ಮನೆಯಲ್ಲಿ ಹುರಿಹಿಟ್ಟು ಮಾಡಿಟ್ಟುಕೊಂಡಿದ್ದಾರೆ. ಆ ಹೆಮ್ಮೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಈ ವಿದ್ಯೆಯನ್ನು ನಾನು ಯಾರ ಮೈಮೇಲೆ ಕಲಿತೆ ಅನ್ನುವುದು...

ಅತ್ತೆ ಮಡಿಯವರು. ಮಧ್ಯಾಹ್ನ ಒಂದು ಹೊತ್ತು ಅನ್ನ, ರಾತ್ರಿ ಫಲಾಹಾರ. ಹೋಟೆಲಿನ ಒಂದು ಇಡ್ಲಿ ಹೊಸಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ಯಾರ ಕೈಯೋ, ಎಂಥ ಕೈಯೋ ಅನ್ನುವುದು ಅವರ ವಾದ. ಹಾಗಾಗಿ ಸ್ಕೂಲಿನಿಂದ ಬಂದವಳು ಮೈ ತೊಳೆದು, ಮಡಿಸೀರೆ ಉಟ್ಟು ಅವರಿಗೆ ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ಮಾಡಬೇಕು. ನನಗೆ ರೋಸಿಹೋಗಿತ್ತು. ದಣಿವು ಅಂತ ನೆಪ ಹೇಳಬಹುದು, ಆದರೆ ಅದಲ್ಲ — ಆ ಅಡುಗೆಮನೆಯಲ್ಲಿ ಒಂದು ಸಲವಾದರೂ ನನ್ನ ಮಾತು ನಡೆಯಬೇಕಿತ್ತು.

ಒಂದು ಸಂಜೆ ಬಿಸಿನೀರು ಹುಯ್ದರೆ ಆಗುವ ಉಪ್ಪಿಟ್ಟು, ಸೂಪಿನ ಪುಡಿ, ಬಿಸ್ಕತ್ತು ತಂದು ಅವರ ಮುಂದಿಟ್ಟೆ. "ಯಾರ ಕೈಯೂ ತಾಗಿಲ್ಲ ಅತ್ತೆ. ಎಲ್ಲಾ ಮಿಷಿನ್ನೇ ಮಾಡತ್ತೆ. ನಮ್ಮ ಮಡಿಗಿಂತ ಮಡಿ ಇದು" ಅಂದೆ.

ಅವರು ಪ್ಯಾಕೆಟ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಸೈನ್ಸ್ ಓದಿದೋಳು ನೀನು, ನಿನಗೆ ಗೊತ್ತಿರಲ್ವಾ" ಅಂದರು.

ಗೆದ್ದೆ ಅಂದುಕೊಂಡೆ. ಆಮೇಲೆ ಪ್ರತಿ ಸಲ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಪ್ಯಾಕೆಟ್ಟಿನ ಹಿಂಭಾಗ ಓದುತ್ತಿದ್ದೆ. ಈರುಳ್ಳಿ, ಬೆಳ್ಳುಳ್ಳಿ ಇದೆಯೇ ಅಂತ ಮಾತ್ರ. ಅವೆರಡು ಇಲ್ಲದಿದ್ದರೆ ಸರಿ, ಉಳಿದದ್ದರ ಮೇಲೆ ಕಣ್ಣೇ ಹಾಯುತ್ತಿರಲಿಲ್ಲ.

ಒಂದೆರಡು ವರ್ಷದಲ್ಲಿ ಅತ್ತೆಗೆ ಬಿಪಿ ಏರಿತು, ಕಾಲು ಊದಿಕೊಂಡಿತು. ಪ್ಯಾಕೆಟ್ಟಿನಿಂದಲೇ ಬಂತು ಎಂದು ಹೇಗೆ ಹೇಳುವುದು, ವಯಸ್ಸೂ ಆಗಿತ್ತಲ್ಲ — ನೋಡಿ, ಈಗಲೂ ಜಾರಿಕೊಳ್ಳಲು ನೋಡುತ್ತಿದ್ದೇನೆ. ಹೊರಗಿನ ತಿಂಡಿ ಏನಾದರೂ ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದಾಗ ಅತ್ತೆ ತಲೆ ಎತ್ತಿ ಹೇಳಿದರು: "ನಮ್ಮನೇಲಿ ಹೊರಗಿನದ್ದು ಏನೂ ಬರಲ್ಲ ಡಾಕ್ಟ್ರೇ." ನಾನು ಪಕ್ಕದಲ್ಲೇ ಕೂತಿದ್ದೆ. ಬಿಸ್ಕತ್ತು, ಸೂಪು ಆಗ ನೆನಪಿಗೂ ಬರಲಿಲ್ಲ.

ಹಾಗಾದರೆ ಅಡುಗೆಯಲ್ಲಿ ಉಪ್ಪು ಕಮ್ಮಿ ಮಾಡಿ ಅಂದರು ಡಾಕ್ಟರು. ಬಿಪಿ ಇಳಿಯಲಿಲ್ಲ. ಇನ್ನೂ ಕಮ್ಮಿ ಮಾಡಿ ಅಂದರು. "ಕಮ್ಮಿ ಯಾಕೆ, ಬಿಟ್ಟೇ ಬಿಡ್ತೀನಿ" ಅಂದರು ಅತ್ತೆ. ಅವರ ಸಾರು ಅಂದರೆ ನಮ್ಮ ಕಡೆಯ ಮದುವೆಮನೆಗಳಲ್ಲೆಲ್ಲ ಮಾತಾಗುತ್ತಿತ್ತು. ಅಂಥವರು ಆವತ್ತಿನಿಂದ ತಮ್ಮ ಪಾಲಿನ ಸಾರನ್ನು ಉಪ್ಪು ಹಾಕುವ ಮೊದಲೇ ಪುಟ್ಟ ಪಾತ್ರೆಗೆ ತೆಗೆಸಿಟ್ಟುಕೊಂಡರು. ಮಧ್ಯಾಹ್ನ ಅದನ್ನು ಕಣ್ಣು ಮುಚ್ಚಿ ನುಂಗುವುದು, ರಾತ್ರಿ ನಾನು ಕೊಟ್ಟ ಸೂಪು ಕುಡಿಯುವುದು. "ಇದೊಂದಾದ್ರೂ ರುಚಿಯಾಗಿದೆ ಕಣೆ" ಅನ್ನುತ್ತಿದ್ದರು.

ಒಮ್ಮೆ ಹೊಸ ಪ್ಯಾಕೆಟ್ಟಿನಲ್ಲಿ ಈರುಳ್ಳಿ ಹುಡುಕುವಾಗ ಸೋಡಿಯಂ ಅನ್ನುವ ಸಾಲಿನ ಮೇಲೆ ಕಣ್ಣು ಬಿತ್ತು. ಸೋಡಿಯಂ ಅಂದರೇನು ಅಂತ ಕ್ಲಾಸಿಗೆ ಕ್ಲಾಸೇ ಬಾಯಿಪಾಠ ಮಾಡಿಸಿದವಳು ನಾನು. ಪ್ಯಾಕೆಟ್ಟನ್ನು ಅಲ್ಲೇ ಇಟ್ಟು ಬಂದೆ.

ಆವತ್ತೇ ನಿಲ್ಲಿಸಿದೆ. ಅತ್ತೆಗೆ ಏನು ಹೇಳಿದೆ ಗೊತ್ತೇ — ಆ ಪ್ಯಾಕೆಟ್ ಈಗ ಬರ್ತಿಲ್ಲವಂತೆ, ಅಂದೆ. ಮತ್ತೆ ಅವಲಕ್ಕಿ, ಹೆಸರುಬೇಳೆ, ಅರಳುಹಿಟ್ಟು ಕೈಗೆತ್ತಿಕೊಂಡೆ. ಹುರಿಹಿಟ್ಟಿಗೆ ಗೋಧಿಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯುವುದನ್ನು ಅವರಿಂದಲೇ ಕಲಿತೆ. ಕ್ರಮೇಣ ಕಾಲಿನ ಬಾವು ಇಳಿಯಿತು, ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು. ನೆಂಟರ ಮುಂದೆಲ್ಲ ಅತ್ತೆ ಹೇಳಿಕೊಂಡರು: "ನಮ್ಮ ಸೊಸೆ ಕೈಯಡುಗೆ ನನ್ನ ಉಳಿಸ್ತು." ನಾನು ನಗುತ್ತಾ ಆ ಹೊಗಳಿಕೆಯನ್ನು ತೆಗೆದುಕೊಂಡೆ. ಮಂಡಳಿಯಲ್ಲಿ ಮಾತಾಡಲು ಕರೆದದ್ದೂ ಆಮೇಲೆಯೇ.

ಪುಟ್ಟ ಪಾತ್ರೆ ಮಾತ್ರ ಹಾಗೇ ಉಳಿಯಿತು. ಡಾಕ್ಟರಿಗೆ ನಿಜ ಹೇಳಿದ್ದರೆ ಸಾರಿಗೊಂದಿಷ್ಟು ಉಪ್ಪು ಹಾಕಲು ಅವರು ಒಪ್ಪುತ್ತಿದ್ದರೋ ಏನೋ. ಹೇಳಲು ನನ್ನ ಜಂಬ ಬಿಡಲಿಲ್ಲ. ಆ ಸಾರನ್ನು ದಿನವೂ ತೆಗೆದಿಡುತ್ತಿದ್ದ ಕೈ ನನ್ನದೇ.

ಮೊನ್ನೆ ಶುಕ್ರವಾರ ಅತ್ತೆ ಮೊದಲ ಸಲ ನನ್ನ ಮಾತು ಕೇಳಲು ಬಂದರು. ಎಂಬತ್ತು ದಾಟಿದವರು, ಮುಂದಿನ ಕುರ್ಚಿಯಲ್ಲಿ ಜರತಾರಿ ಸೀರೆ ಉಟ್ಟು ಕೂತಿದ್ದರು. ನಾನು ಎಂದಿಗಿಂತ ಚೆನ್ನಾಗಿಯೇ ಮಾತಾಡಿದೆ. ಬಿಸ್ಕತ್ತಿನಲ್ಲಿ, ಸೂಪಿನಲ್ಲಿ ಅಡಗಿರುವ ಉಪ್ಪಿನ ವಿಷಯವೂ ಬಂತು. ಕೊನೆಗೆ ಯಾರೋ ಕೇಳಿದರು: "ನಿಮ್ಮನೇಲಿ ಯಾವತ್ತೂ ಇವೆಲ್ಲ ತಂದೇ ಇಲ್ವಾ ಮಿಸ್?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೂತಲ್ಲಿಂದಲೇ ಹೇಳಿದರು: "ನಮ್ಮನೇಲಿ ಹೊರಗಿನದ್ದು ಏನೂ ಬರಲ್ಲಮ್ಮ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆ, ಚಾಮರಾಜಪೇಟೆ ಹತ್ತಿರ ಬಂದಾಗ ಕೇಳಿದರು: "ನಾನು ರಾತ್ರಿ ಹೊತ್ತು ಕುಡೀತಿದ್ನಲ್ಲ ಸೂಪು, ಅದರಲ್ಲಿ ಉಪ್ಪಿತ್ತೇನೆ?"

"ಇತ್ತು ಅತ್ತೆ. ತುಂಬಾ ಇತ್ತು."

"ನಿನಗೆ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಹೇಳಲಿಲ್ಲ."

ಅವರು ಬೈಯಲಿಲ್ಲ. ಮಂಡಳಿಯಲ್ಲಿ ನನ್ನ ಮಾನ ಉಳಿಸಲೆಂದು ಹಾಗೆ ಹೇಳಿದರೋ, ನಂಬಿಯೇ ಹೇಳಿದರೋ, ನಾನು ಕೇಳಲಿಲ್ಲ. ಹೊರಗೆ ನೋಡುತ್ತಾ ಅಂದರು: "ಹಾಗಾದ್ರೆ ಅದನ್ನ ಬಿಟ್ಟು, ಸಾರಿಗೆ ಒಂಚೂರು ಉಪ್ಪು ಹಾಕ್ಕೋಬೋದಿತ್ತು."

ನಾನು ಹೌದು ಅಂದೆ.

ಮಾರನೆಯ ದಿನ ಅವರನ್ನು ಕೂರಿಸಿಕೊಂಡೇ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಬಿಪಿ ನೋಡಿ, ಹಿಂದಿನ ರಿಪೋರ್ಟುಗಳನ್ನೂ ನೋಡಿ, ಸಾರಿಗೆ ಚಿಟಿಕೆ ಉಪ್ಪು ಹಾಕಬಹುದು ಅಂದರು. ಇವತ್ತು ಮಧ್ಯಾಹ್ನ ಆ ಪುಟ್ಟ ಪಾತ್ರೆಗೆ ನಾನೇ ಉಪ್ಪು ಹಾಕಿ ಬಡಿಸಿದೆ. ಅತ್ತೆ ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಲಿಲ್ಲ.

"ಹುಳಿ ಒಂಚೂರು ಜಾಸ್ತಿಯಾಯ್ತು" ಅಂದರು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು.

ಬರುವ ಶುಕ್ರವಾರ ಮಂಡಳಿಯಲ್ಲಿ ಅತ್ತೆಯನ್ನು ಅದೇ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮೊದಲು ಈ ಸಾರಿನ ವಿಷಯ ಹೇಳುತ್ತೇನೆ. ಅದಾದ ಮೇಲೂ ಯಾರಾದರೂ ಏಳದೆ ಕೂತಿದ್ದರೆ ಪ್ಯಾಕೆಟ್ಟಿನ ವಿಷಯ.