ಮೂರೆಕರೆ ಹಂಚಿಹುಲ್ಲು

ಜಾಲಿಯ ಸಸಿ ಬೇರುಸಮೇತ ಕಿತ್ತು ಬರುತ್ತದೆ, ಚಿಕ್ಕತಾಯಮ್ಮ ಹಿಂದಕ್ಕೆ ಮಗುಚಿ ಬೀಳುತ್ತಾರೆ.

“ಬೇರು ಬಂತಾ ಅಕ್ಕಾ, ನೀ ಬಂದ್ಯಾ?” ಜೊತೆಗೆಲಸದ ಕೌಸಲ್ಯಾ ನಗುತ್ತಾಳೆ.

“ಎರಡೂ ಬಂದ್ವು ಕಣಮ್ಮಿ. ಎಬ್ಬಿಸು ಮೊದ್ಲು.”

ಪೆರುಂಗುಡಿಯ ಆಫೀಸುಗಳ ಬೆನ್ನಿಗಿರುವ ಈ ಪುಟ್ಟ ರಕ್ಷಿತ ವನದಲ್ಲಿ ಇನ್ನೂ ಆರು ಗಂಟೆಯಾಗಿಲ್ಲ. ಇಬ್ಬನಿಗೆ ಮಣ್ಣು ಮೆತ್ತಗಿರುವಾಗಲೇ ಕೀಳಬೇಕು. ಬಿಸಿಲೇರಿದರೆ ಕಾಂಡ ಮುರಿದು ಬೇರು ಒಳಗೇ ಉಳಿಯುತ್ತದೆ. ದಿನಕ್ಕೆ ನೂರೈವತ್ತು ಸಸಿ. ಜಾಲಿ ಎದ್ದ ಕಡೆ ಹಂಚಿಹುಲ್ಲು ಏಳುವುದಿಲ್ಲ. ಸೊಂಟದೆತ್ತರದ ಈ ಹುಲ್ಲು ಈ ನೆಲದ್ದೇ. ಉಳಿದಿರುವುದು ಮೂರೆಕರೆ.

ಚಾಮರಾಜನಗರದ ಕಡೆಯ ತವರಿನಲ್ಲಿ ಇದೇ ಹುಲ್ಲಿನ ಕಡ್ಡಿಯಿಂದ ಪೊರಕೆ ಕಟ್ಟುತ್ತಿದ್ದರು. 1994ರಲ್ಲಿ ಇಲ್ಲಿ ದಿನಗೂಲಿಗೆ ಸೇರಿದ ಚಿಕ್ಕತಾಯಮ್ಮ, ತೆನೆ ಹಸಿರಿರುವಾಗಲೇ ಒಂದು ಮೂಲೆಯನ್ನು ಬೋಳು ಮಾಡಿ ಕಚೇರಿಗೆ ಹದಿನಾರು ಪೊರಕೆ ಕಟ್ಟಿಕೊಟ್ಟರು. ಎಲ್ಲರೂ ಮೆಚ್ಚಿದರು. ಮರುವರ್ಷ ಆ ಮೂಲೆಯ ತುಂಬ ಜಾಲಿ.

“ಬಿತ್ತ ಉದುರೋಗಂಟ ಕಾಯ್ಬೇಕು ಅಂತ ನಮ್ಮವ್ವ ಹೇಳೋಳು. ನಾನು ಆತ್ರ ಬಿದ್ದೆ. ಊರಲ್ಲಾದ್ರೆ ಗುಡ್ಡ ದೊಡ್ದು, ಇಲ್ಲಿ ಹೋದ್ರೆ ಹೋದಂಗೇ,” ಎಂದು ಚಿಕ್ಕತಾಯಮ್ಮ ಈಗಲೂ ಕೌಸಲ್ಯಾಗೆ ಹೇಳುತ್ತಾರೆ.

ತುದಿಯಲ್ಲಿ ಮೀಸೆಯಂಥ ಮೂರು ಎಳೆಯಿರುವ ಈ ಹುಲ್ಲಿನ ಬಿತ್ತವನ್ನು ಬೇರೆ ಕಡೆಯಿಂದ ಸೆರಗಿನಲ್ಲಿ ತಂದು ಉದುರಿಸಿದರು. ಆ ಮೂಲೆ ತುಂಬಲು ಆರು ವರ್ಷ ಹಿಡಿಯಿತು.

ಈಗ 2003ರ ಪೊಂಗಲ್ ಕಳೆದು ವಾರವಾಗಿದೆ. ತೆನೆ ಇನ್ನೂ ಹಸಿರು. ವನದ ರೇಂಜರ್ ರಾಘವೇಂದ್ರ ಬೈಕು ನಿಲ್ಲಿಸಿ ಬರುತ್ತಾರೆ. ಹೊಸೂರಿನವರು, ತಮಿಳಿನ ಈ ಊರಲ್ಲೂ ಇವರ ಹತ್ತಿರ ಕನ್ನಡವೇ.

“ಭಾನುವಾರ ಇಲಾಖೆಯ ದೊಡ್ಡವರು ಬರ್ತಾರೆ ತಾಯಮ್ಮ. ಪೆಂಡಾಲ್ ಹಾಕೋಕೆ ಈ ಹುಲ್ಲಿನ ಬಯಲೊಂದೇ ಜಾಗ. ಕುಯ್ದುಬಿಡಿ. ಹುಲ್ಲು ತಾನೇ, ಮತ್ತೆ ಬರತ್ತೆ.”

“ಬಿತ್ತ ಬಲಿತಿಲ್ಲ ಸಾ. ಇನ್ನೂ ಮೂರು ವಾರ ಆಯ್ತದೆ.”

“ನೀವು ಹ್ಞೂಂ ಅನ್ನದೆ ಒಬ್ಬರೂ ಕುಡುಗೋಲು ಮುಟ್ತಿಲ್ಲ. ನಾನೇ ಕುಯ್ಯಲಾ?”

“ನಿಮ್ಗೆ ಬರಾಕಿಲ್ಲ ಬುಡಿ.”

ಕೌಸಲ್ಯಾ ಮುಖ ತಿರುಗಿಸಿ ನಗು ನುಂಗುತ್ತಾಳೆ. ರಾಘವೇಂದ್ರ ಜೇಬಿನಿಂದ ಮಡಚಿದ ಅರ್ಜಿಯೊಂದನ್ನು ತೆಗೆಯುತ್ತಾರೆ, ಜೊತೆಗೆ ಇಂಕ್ ಪ್ಯಾಡು.

“ಸಿಟಿಯೊಳಗಿನ ನುಂಗಂಬಾಕ್ಕಂ ಆಫೀಸಿನ ತೋಟದ ಕೆಲಸಕ್ಕೆ, ನಿಮ್ಮ ಹೆಸರಲ್ಲಿ. ಖಾಯಂ. ನೆರಳಲ್ಲಿ ಕೂತು ಮಾಡೋ ಕೆಲಸ, ಮೊಣಕಾಲ್ಗೂ ಒಳ್ಳೇದು. ಇವತ್ತು ಹುಲ್ಲು ಕುಯ್ಯಿಸಿ, ನಾಳೆ ಇದು ಮೇಲಕ್ಕೆ ಹೋಗತ್ತೆ.”

ಒಂಬತ್ತು ವರ್ಷದಿಂದ ಚಿಕ್ಕತಾಯಮ್ಮ ಪ್ರತಿ ರೇಂಜರ್ ಎದುರು ನಿಂತು ಕೇಳಿದ್ದು ಆ ಒಂದೇ ಮಾತು, ಖಾಯಂ. ಊದಿದ ಮೊಣಕಾಲನ್ನು ಒತ್ತಿಕೊಂಡು ಅವರು ಕಾಗದದ ಕಡೆಗೊಮ್ಮೆ ನೋಡುತ್ತಾರೆ. ಓದಲು ಬರುವುದಿಲ್ಲ. ಹೆಬ್ಬೆಟ್ಟಿಗೆ ಬಿಟ್ಟಿರುವ ಜಾಗ ಮಾತ್ರ ಗೊತ್ತಾಗುತ್ತದೆ.

“ಬ್ಯಾಡ ಸಾ. ನಾ ಕುಯ್ಯಾಕಿಲ್ಲ.”