ಹನ್ನೆರಡು ನಾಲ್ಕಲೆ ನಲವತ್ತೆಂಟು

ದೆವ್ವ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಮಾತು ತೆಗೆದರೆ ನಾನು ಮುಖಕ್ಕೆ ಹೊಡೆದಂತೆ ಮಾತಾಡಿ ಬಾಯಿ ಮುಚ್ಚಿಸುತ್ತಿದ್ದೆ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಹೆಣ ಒರೆಸಿ, ಕೈ ತೊಳೆದು, ಅಲ್ಲೇ ಪಕ್ಕದ ಕೋಣೆಯಲ್ಲಿ ಬುತ್ತಿ ಬಿಚ್ಚಿ ಉಂಡವಳು. ಈಗ ನನ್ನ ಬಾಯಿಂದಲೇ ಇಂಥದ್ದು ಕೇಳಿ ನಗುವವರು ನಗಲಿ. ನಂಬಿಸಬೇಕೆಂದು ಬರೆಯುತ್ತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ, ಅಷ್ಟೇ.

ಮೊದಲು ನನ್ನ ತಪ್ಪು ಹೇಳಬೇಕು. ನಾನಿರುವುದು ಒಂದು ಸಂಚಾರಿ ಕ್ಲಿನಿಕ್ಕಿನಲ್ಲಿ. ಕಟ್ಟಡ ಕೆಲಸಕ್ಕೆ, ಫ್ಯಾಕ್ಟರಿಗೆ ಬಂದವರ ತಗಡಿನ ಶೆಡ್ಡುಗಳಿಗೆ ಹೋಗಿ ಮಕ್ಕಳನ್ನು ನೋಡುವುದು ನಮ್ಮ ಕೆಲಸ. ಎಕ್ಸ್‌ರೇ ಇಲ್ಲ, ಆಕ್ಸಿಜನ್ ಇಲ್ಲ. ಕೆಮ್ಮುವ ಕೂಸಿಗೆ ನ್ಯುಮೋನಿಯಾ ಇದೆಯೋ ಇಲ್ಲವೋ ತಿಳಿಯಲು ಇರುವ ದಾರಿ ಎಂದರೆ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು. ವರ್ಷ ತುಂಬದ ಕೂಸಿಗೆ ಐವತ್ತು ಮುಟ್ಟಿತೆಂದರೆ ಅಪಾಯ. ಎಣಿಸಲು ಅಂಗೈಯಗಲದ ಒಂದು ಟೈಮರ್ ಕೊಟ್ಟಿರುತ್ತಾರೆ. ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ, ಅರ್ಧ ನಿಮಿಷಕ್ಕೆ ಒಂದು ಸಲ ಕೂಗುತ್ತದೆ, ನಿಮಿಷ ಆದಾಗ ಎರಡು ಸಲ. ಆದರೆ ನಲವತ್ತು ತಾಯಂದಿರು ಸಾಲಾಗಿ ನಿಂತಾಗ ಒಂದೊಂದು ನಿಮಿಷ ಎಲ್ಲಿಂದ ತರುವುದು? ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಮಗ್ಗಿಯಲ್ಲಿ ನಾನು ಚಿಕ್ಕಂದಿನಿಂದ ಜಾಣೆ.

ಹೂಡಿಯ ಒಂದು ಶೆಡ್ಡಿನಲ್ಲಿ ಹೆಣ್ಣುಕೂಸೊಂದಕ್ಕೆ ಹಾಗೇ ಎಣಿಸಿದೆ. ಹನ್ನೆರಡು ಬಂತು. ಹನ್ನೆರಡು ನಾಲ್ಕಲೆ ನಲವತ್ತೆಂಟು. ಸಿರಪ್ ಕೊಟ್ಟು ಕಳಿಸಿದೆ. ಮೂರನೇ ದಿನ ಕೂಸು ಸತ್ತುಹೋಯಿತು. ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಓಡುತ್ತದೆ, ತಡೆಯುತ್ತದೆ, ಮತ್ತೆ ಓಡುತ್ತದೆ. ಅದಕ್ಕೇ ಪೂರ್ತಿ ನಿಮಿಷ ಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕೋಲಾರದ ಕಡೆಯ ಆ ತಾಯಿ ನನ್ನ ಕೈ ಹಿಡಿದುಕೊಂಡು, ನೀವಾದರೂ ಬಂದು ನೋಡಿದಿರಲ್ಲ ಎಂದು ಅತ್ತಳು. ನಾನು ಬಾಯಿ ಬಿಡಲಿಲ್ಲ. ರಿಜಿಸ್ಟರಿನಲ್ಲಿ ಇವತ್ತಿಗೂ ನಲವತ್ತೆಂಟು ಎಂದೇ ಇದೆ.

ಅದಾದ ಎರಡು ವರ್ಷಕ್ಕೆ ಜಿಗಣಿಯ ಹಿಂದಿನ ಒಂದು ಶೆಡ್ಡು ಸಾಲಿಗೆ ಹೋಗಿದ್ದೆ. ಎಂಟು ತಿಂಗಳ ಗಂಡುಕೂಸು, ನಾಲ್ಕು ದಿನದಿಂದ ಕೆಮ್ಮು. ತಾಯಿ ರೇಣವ್ವ, ಅವಳ ಅತ್ತೆ, ಇಬ್ಬರೇ ಮನೆಯಲ್ಲಿದ್ದರು, ಕೊಪ್ಪಳದ ಕಡೆಯವರು. ಜಾಗದ ಮಾಲೀಕ ಗೋಡೌನ್ ಕಟ್ಟಬೇಕು, ಖಾಲಿ ಮಾಡಿ ಎಂದು ಹೇಳುತ್ತಲೇ ಇದ್ದನಂತೆ. ಇವರು ಹೋಗುವುದಾದರೂ ಎಲ್ಲಿಗೆ? ಮಧ್ಯಾಹ್ನ ಮೂರರ ಸುಮಾರಿಗೆ, ನಾನು ಒಳಗೆ ಕೂತು ಬ್ಯಾಗ್ ಬಿಚ್ಚುತ್ತಿದ್ದಾಗ, ಅವನ ಕಡೆಯವರು ಜೆಸಿಬಿ ತಂದರು. ಕೈಯಲ್ಲಿ ಕಬ್ಬಿಣದ ರಾಡು.

ಮೊದಲ ಶೆಡ್ಡಿನ ತಗಡು ಹರಿದ ಸದ್ದಿಗೆ ಕೂಸು ಬೆಚ್ಚಿತು. ಬಾಗಿಲ ಸಂದಿಯಿಂದ ನೋಡಿದೆ. ಗಾರೆ ಕೆಲಸದವನೊಬ್ಬ ಅಡ್ಡ ನಿಂತಿದ್ದ. ಅವನ ತಲೆಗೆ ರಾಡು ಬಿತ್ತು. ಕಾಯಿ ಒಡೆದ ಹಾಗೆ ಕೇಳಿಸಿತು. ಅವನು ಕೂತ, ಆಮೇಲೆ ಮಲಗಿದ. ಬಿದ್ದವನ ಪಕ್ಕೆಗೆ ಇಬ್ಬರು ಒದೆಯುತ್ತಲೇ ಇದ್ದರು. ಆಗ ಶೆಡ್ಡಿನವರೂ ಇಟ್ಟಿಗೆ ಎತ್ತಿಕೊಂಡರು. ಎರಡೂ ಕಡೆಯಿಂದ ಕಲ್ಲು ಬಂದು ನಮ್ಮ ತಗಡಿನ ಮೇಲೆ ಬೀಳತೊಡಗಿತು. ರೇಣವ್ವ ಬಾಗಿಲಿಗೆ ಅಕ್ಕಿ ಚೀಲ ಒತ್ತಿ ನಿಂತಳು.

ತಿರುಗಿ ನೋಡುತ್ತೇನೆ, ಮುದುಕಿ ಒಲೆಯಲ್ಲಿ ಕುಡುಗೋಲು ಕಾಯಿಸಿ ಕೆಂಪಗೆ ಮಾಡಿದ್ದಾಳೆ. ಕೂಸಿನ ಹೊಟ್ಟೆಗೆ ಬರೆ ಹಾಕಲು.

"ಹೊರಗ ಹೋಗಾಕ ಆಗೂದಿಲ್ಲ. ಬರಿ ಹಾಕಿದ್ರ ದಮ್ಮ ಇಳೀತೈತಿ. ನಮ್ಮ ಮಕ್ಕಳಿಗೆಲ್ಲಾ ಹಂಗ ಮಾಡೀವಿ," ಎಂದಳು.

ನಾನು ಮುದುಕಿಯನ್ನು ತಳ್ಳಿಬಿಟ್ಟೆ. ಹಿರಿಯಳು ಎಂದೂ ನೋಡಲಿಲ್ಲ. ಕುಡುಗೋಲು ಕಿತ್ತುಕೊಳ್ಳುವಾಗ ಎಡ ಅಂಗೈ ಸುಟ್ಟು ಚರ್ಮ ಅದಕ್ಕೇ ಅಂಟಿಕೊಂಡಿತು. ಅವಳೂ ಬಿಡಲಿಲ್ಲ, ನನ್ನ ಜಡೆ ಹಿಡಿದು ಜಗ್ಗಿದಳು. ಥೂ, ಹೊರಗೆ ಅವರು ಹೊಡೆದಾಡುತ್ತಿದ್ದರೆ ಒಳಗೆ ನಾವು.

ಅವಳನ್ನು ಮೂಲೆಗೆ ಕೂರಿಸಿ, ಕೂಸಿನ ಅಂಗಿ ಎತ್ತಿ, ಕೈಗಡಿಯಾರ ನೋಡಿ ಎಣಿಸಿದೆ. ಬಾಗಿಲು ಮುಚ್ಚಿ ಅರೆಗತ್ತಲಾಗಿತ್ತು. ಹದಿನೈದು ಸೆಕೆಂಡಿಗೆ ಹನ್ನೆರಡು. ತಗಡಿಗೆ ಒಂದು ದೊಡ್ಡ ಕಲ್ಲು ಬಿತ್ತು. ಸಾಕು ಎಂದುಕೊಂಡೆ. ನಲವತ್ತೆಂಟು, ಅಪಾಯವಿಲ್ಲ, ಇಂಥ ಕಲ್ಲಿನ ಮಳೆಯಲ್ಲಿ ಕೂಸನ್ನು ಹೊರಗೆ ತೆಗೆದುಕೊಂಡು ಹೋಗುವುದು ಹುಚ್ಚು. ಅಂಗಿ ಇಳಿಸಿದೆ.

ಆಗ ಬ್ಯಾಗಿನಲ್ಲಿ ಟೈಮರ್ ಟಕ್ ಟಕ್ ಎನ್ನತೊಡಗಿತು.

ಒತ್ತಿದವರು ಯಾರು ಎಂದು ಯೋಚಿಸಲೂ ಇಲ್ಲ. ಕೈ ತಾನಾಗಿ ಅಂಗಿ ಎತ್ತಿತು. ಮತ್ತೆ ಒಂದರಿಂದ ಎಣಿಸಿದೆ. ಅರ್ಧ ನಿಮಿಷಕ್ಕೆ ಅದು ಕೂಗಿದ ಮೇಲೆ ಕೂಸಿನ ಉಸಿರು ಓಟಕ್ಕೆ ಬಿತ್ತು, ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳತೊಡಗಿತು. ಎರಡು ಸಲ ಕೂಗಿದಾಗ ನನ್ನ ಲೆಕ್ಕ ಅರವತ್ತನಾಲ್ಕು. ಆಕ್ಸಿಜನ್ ಸಿಗದಿದ್ದರೆ ಈ ಕೂಸು ಬೆಳಗಿನವರೆಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಕೂಸನ್ನು ಎದೆಗೆ ಕಟ್ಟಿಕೊಂಡು ಓಡಿದೆ, ಹಿಂದೆ ರೇಣವ್ವ. ಹಣೆಗೆ ಕಲ್ಲು ಬಿದ್ದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಗಲ್ಲಿಯ ತುದಿಯಲ್ಲಿ ಮಾಲೀಕನ ಕಡೆಯವನೊಬ್ಬ ರಾಡು ಎತ್ತಿ, "ಒಳಿಕ್ ಓಗಮ್ಮ, ಯಾವಳೂ ಆಚೆ ಓಗಂಗಿಲ್ಲ," ಎಂದ. ಕೂಸಿದೆ ಎಂದು ತೋರಿಸಿದೆ. ನೋಡಿಯೂ ಹೊಡೆದ. ಮೊಣಕೈ ಕೆಳಗಿನ ಮೂಳೆ ಮುರಿದದ್ದು ನನಗೇ ಕೇಳಿಸಿತು. ರೇಣವ್ವ ಅವನ ಮುಖಕ್ಕೆ ಇಟ್ಟಿಗೆ ಬೀಸಿದಳು. ಅವನು ಬಾಯಿ ಹಿಡಿದುಕೊಂಡು ಕುಸಿದ, ನಾವು ಅವನನ್ನು ದಾಟಿಕೊಂಡೇ ಓಡಿದೆವು. ದೇವರಾಣೆ, ನನಗೆ ಅಯ್ಯೋ ಅನ್ನಿಸಲಿಲ್ಲ. ಮೇನ್ ರೋಡಿನಲ್ಲಿ ನಮ್ಮ ಗಾಡಿಯ ಡ್ರೈವರ್ ಮುನಿರಾಜು ಇಂಜಿನ್ ಆರಿಸದೆ ಕಾಯುತ್ತಿದ್ದ.

ಕೂಸು ಐದು ದಿನ ಆಕ್ಸಿಜನ್‌ನಲ್ಲಿದ್ದು ಉಳಿದುಕೊಂಡಿತು. ಅವತ್ತು ಸಂಜೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಪಟ್ಟಿ ಹಾಕಿದ ಮೇಲೆ, ಟೈಮರ್ ಇನ್ನೂ ಓಡುತ್ತಿರಬಹುದೆಂದು ಬ್ಯಾಗಿನಿಂದ ತೆಗೆದೆ. ಸದ್ದಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸೆಲ್ಲೇ ಇಲ್ಲ. ಆಗ ನೆನಪಾಯಿತು. ಬೆಳಗ್ಗೆ ಕ್ಲಿನಿಕ್ಕಿನ ತೂಕದ ಯಂತ್ರ ಕೆಲಸ ಮಾಡುತ್ತಿಲ್ಲವೆಂದು ನಾನೇ ಎರಡೂ ಸೆಲ್ ಬಿಚ್ಚಿ ಅದಕ್ಕೆ ಹಾಕಿದ್ದೆ. ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ಮುನಿರಾಜುವೇ.

ರೇಣವ್ವನನ್ನು ಕೇಳಿದೆ. ಟಕ್ ಟಕ್ ಅಂದದ್ದು, ಕೂಗಿದ್ದು, ಎಲ್ಲವೂ ಕೇಳಿಸಿತು ಎಂದಳು. ಮುದುಕಿ ಮಾತ್ರ ಏನೂ ಕೇಳಿಸಲಿಲ್ಲ ಎಂದು ಇವತ್ತಿಗೂ ಸಾಧಿಸುತ್ತಾಳೆ. ಅವಳ ಕಿವಿ ನನಗಿಂತ ಚುರುಕು. ಮುನಿರಾಜು ಅದು ಜೆಸಿಬಿ ಹಿಂದಕ್ಕೆ ಬರುವಾಗಿನ ಸದ್ದು ಬಿಡಿ ಮೇಡಂ ಅಂದ. ಹಾಗೆಂದು ನಂಬಲು ನಾನೂ ಬಹಳ ಪ್ರಯತ್ನಪಟ್ಟೆ. ಜೆಸಿಬಿ ಅರ್ಧ ನಿಮಿಷಕ್ಕೆ ಒಂದು ಸಲ, ನಿಮಿಷಕ್ಕೆ ಎರಡು ಸಲ ಕೂಗುತ್ತದೆಯೇ?

ಕೈಯ ಪಟ್ಟಿ ಬಿಚ್ಚಿದ ವಾರ ಹೂಡಿಗೆ ಹೋದೆ. ಆ ತಾಯಿ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕಿದ್ದಳು. ಗೇಟಿನ ಹೊರಗೆ ನಿಂತು ಎಲ್ಲ ಹೇಳಿದೆ. ಹದಿನೈದು ಸೆಕೆಂಡ್, ಹನ್ನೆರಡು, ನಲವತ್ತೆಂಟು.

"ಪೂರ್ತಿ ಎಣ್ಸಿದ್ರೆ ನನ್ ಮಗು ಉಳ್ಕಣ್ತಿತ್ತಾ?" ಎಂದಳು.

ಉಳಿಯುತ್ತಿತ್ತೇನೋ ಎಂದೆ.

ಕಪಾಳಕ್ಕೆ ಹೊಡೆದಳು. ಮತ್ತೆ ಹೊಡೆದಳು. ಸೆಕ್ಯುರಿಟಿಯವನು ಓಡಿ ಬಂದ. ಬೇಡ ಬಿಡಿ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು, ತಿರುಗಿ ನೋಡಲಿಲ್ಲ.

ಟೈಮರ್ ಈಗಲೂ ನನ್ನ ಬ್ಯಾಗಿನಲ್ಲೇ ಇದೆ. ಸೆಲ್ ಹಾಕಿಲ್ಲ. ಗಡಿಯಾರ ನೋಡಿಕೊಂಡು ಪ್ರತಿ ಕೂಸಿನ ಮುಂದೆಯೂ ಪೂರ್ತಿ ನಿಮಿಷ ಕೂರುತ್ತೇನೆ; ಸಾಲು ಎಷ್ಟು ಉದ್ದವಿದ್ದರೂ ಸರಿ. ಅದು ಮತ್ತೆ ಒಮ್ಮೆಯೂ ಕೂಗಿಲ್ಲ. ಆ ತಾಯಿ ಯಾಕೆ ಹೊಡೆದಳು ಎಂದು ಯಾರು ಕೇಳಿದರೂ ಹೇಳಬಲ್ಲೆ. ಅವತ್ತು ಆ ಖಾಲಿ ಡಬ್ಬಿ ಯಾಕೆ ಕೂಗಿತು ಎಂಬುದು ಮಾತ್ರ ನನಗೆ ಇನ್ನೂ ಗೊತ್ತಿಲ್ಲ.